ಹೊಳೆ ದಾಟದ ಕಂದೂರಿ

ಕಿಲ್ಲೇಗಡ್ಡಿಯ ಹೊಳಿಪೀರಜ್ಜ ಬೆಳ್ಳಿ ಕೇಳುವವನಲ್ಲ, ರೇಷ್ಮೆ ಕೇಳುವವನಲ್ಲ. ಕೃಷ್ಣೆಯ ನಡುಮಧ್ಯದ ಆ ನಡುಗಡ್ಡೆಯಲ್ಲಿ, ಎಂದೋ ಸುಲ್ತಾನರು ಕಟ್ಟಿಸಿದ ಕೋಟೆಯ ಮಗ್ಗುಲಲ್ಲಿ, ಬೇವಿನ ನೆರಳಿಗೆ ಮಲಗಿರುವ ಆ ಫಕೀರನಿಗೆ ಹಸಿದವರ ಹೊಟ್ಟೆ ತುಂಬಿದರೆ ಸಾಕು. ಅವನಿಗೆ ಹರಕೆ ಹೊತ್ತವರು ಗಡ್ಡಿಗೆ ಹೋಗಿ ಕಂದೂರಿ ಮಾಡಬೇಕು. ಮರಿ ಕೊಯ್ದು, ಅಡಿಗೆ ಮಾಡಿ, ಗದ್ದುಗೆಯ ಮುಂದೆ ಫಾತೇಹ ಓದಿಸಿ, ಆ ಹೊತ್ತಿಗೆ ಗಡ್ಡಿಯ ಮೇಲೆ ಯಾರಿದ್ದಾರೋ ಅವರನ್ನೆಲ್ಲ ಹರಕೆಯವರೇ ಹೋಗಿ ಕರೆದು ಉಣ್ಣಿಸಬೇಕು. ಕರೆಯದೆ ಯಾರೂ ಬಂದು ಪಂಕ್ತಿಯಲ್ಲಿ ಕೂಡುವುದಿಲ್ಲ, ಅದು ಅಲ್ಲಿಯ ಮರ್ಯಾದೆ. ಮಾಡಿದ ಅಡಿಗೆಯಲ್ಲಿ ಒಂದು ತುಣುಕೂ ಹೊಳೆ ದಾಟಬಾರದು. ದಾಟಿದರೆ ಹರಕೆ ಮುಟ್ಟಲಿಲ್ಲವೆಂದೇ ತಿಳಿಯಬೇಕು. ಮುಟ್ಟದ ಹರಕೆ ಬೇಡಿಕೊಂಡವರ ತಲೆಯ ಮೇಲೇ ಕೂಡುತ್ತದೆ.

ಸುರಪುರದ ಚಮನಬೀ ಬೇಡಿಕೊಂಡದ್ದು ಗಂಡನ ಉಸಿರನ್ನು. ಖಾಜಾಹುಸೇನ ಹತ್ತಿ ಹಿಂಜಿ ಗಾದಿ ತುಂಬುವವನು. ವರ್ಷಾನುಗಟ್ಟಲೆ ಊರವರ ನಿದ್ದೆಗೆ ಮೆತ್ತಗೆ ಹಾಸಿದ ಹತ್ತಿ ಅವನ ಎದೆಯಲ್ಲಿ ಹೋಗಿ ಕೂತಿತ್ತು. ಕಲಬುರ್ಗಿಯ ದವಾಖಾನೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಅವನು ಮಲಗಿದ್ದಾಗ ಚಮನಬೀ ಹೊರಗಿನ ನೆಲದ ಮೇಲೆ ಸೆರಗು ಹಾಸಿ, "ಅಜ್ಜಾ, ಈತ ತನ್ನ ಕಾಲಿಲೆ ನಡಕೋತ ಮನಿಗೆ ಬಂದ್ರ ನಿನ್ನ ಗಡ್ಡಿಗೆ ಬಂದು ಕಂದೂರಿ ಮಾಡ್ತೀನಿ" ಅಂದಿದ್ದಳು. ಅವನು ನಡೆದುಕೊಂಡೇ ಬಂದ. ಬಂದವನು ಮೊದಲಿನಂತೆಯೇ ನಗಿಸುತ್ತ ಓಣಿಯಲ್ಲಿ ಕೂತ. ಆದರೆ ಅವನು ಒಂದು ಸಲ ಕೆಮ್ಮಿದರೆ ಸಾಕು, ಚಮನಬೀಯ ಕೈಯೊಳಗಿನ ಕೆಲಸ ನಿಂತುಬಿಡುತ್ತಿತ್ತು. ಅಜ್ಜನದು ಬಾಕಿ ಉಳಿದಿದೆ ಎಂಬುದು ಅವಳಿಗೆ ಆ ಕೆಮ್ಮಿನಲ್ಲೇ ಕೇಳಿಸುತ್ತಿತ್ತು.

ಓಣಿಯವನೊಬ್ಬನ ಟಂಟಂ ಗಾಡಿ ಮಾಡಿಕೊಂಡು ಹೋಗುವುದೆಂದು ಮಾತಾಗಿತ್ತು. ಅದು ಶಹಾಪುರದಲ್ಲಿದ್ದ ಅವಳ ಅಣ್ಣ ಮನ್ಸೂರಅಲಿಯ ಕಿವಿಗೆ ಬಿತ್ತು. ಮನ್ಸೂರಅಲಿ ಟೈಲ್ಸ್ ಅಂಗಡಿ ಇಟ್ಟು ದುಡ್ಡು ಮಾಡಿದವನು. ದುಡ್ಡು ಬಂದ ಮೇಲೆ ಮನೆಯಲ್ಲಿ ಕನ್ನಡ ಬಿಟ್ಟು ಹೈದರಾಬಾದಿ ಉರ್ದು ಶುರು ಮಾಡಿದ್ದ. ಹುಟ್ಟಿದಾಗಿನಿಂದ 'ಯಣ್ಣಾ' ಎಂದು ಕರೆಯುತ್ತಿದ್ದ ತಂಗಿಗೆ 'ಭಾಯಿಜಾನ್' ಅನ್ನಲು ಹೇಳಿದ್ದ. ಚಮನಬೀ ಎರಡು ದಿನ ಅಂದು ನೋಡಿ, ನಾಲಿಗೆ ನೋಯ್ತದ ಎಂದು ಬಿಟ್ಟಿದ್ದಳು.

"ಟಂಟಂನ್ಯಾಗ ಹೋಗ್ತೀಯೇನು? ಮನ್ಸೂರಅಲಿ ತಂಗಿ ಟಂಟಂನ್ಯಾಗ ಹೋದ್ಲಂದ್ರ ನನ್ನ ಇಜ್ಜತ್ ಏನಾಗಬೇಕು? ಕಾರು ಮಾಡ್ತೀನಿ," ಎಂದ ಫೋನಿನಲ್ಲಿ.

"ನಿನ್ನ ಇಜ್ಜತ್ ಹೊತ್ಕೊಂಡು ಹೋಗಾಕ ದೊಡ್ಡ ಕಾರೇ ಬೇಕು ಬಿಡು ಯಣ್ಣಾ," ಎಂದಳು ಚಮನಬೀ. ಗಂಡ ಸನ್ನೆ ಮಾಡಿದ್ದರಿಂದ ಅಷ್ಟಕ್ಕೇ ಬಿಟ್ಟಳು. ಟಂಟಂ ಕುಲುಕಾಟಕ್ಕೆ ಅವನ ಎದೆ ತಡೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಬಾಡಿಗೆಯ ಬಿಳಿ ಕಾರು ಮುಂಜಾನೆ ಓಣಿಗೆ ಬಂತು. ಬಂದದ್ದು ಎಲ್ಲರಿಗೂ ತಿಳಿಯಲೆಂದು ಮನ್ಸೂರಅಲಿ ಡ್ರೈವರನ ಕೈ ಸರಿಸಿ ತಾನೇ ಹಾರ್ನು ಒತ್ತಿದ. ಎಮ್ಮೆಗಳು ಎದ್ದು ನಿಂತವು. ಕಪ್ಪು ಕನ್ನಡಕ, ಬಿಳಿ ಅಂಗಿ, ನಾಲ್ಕು ಮನೆ ಆಚೆಗೆ ಹೊಡೆಯುವ ಅತ್ತರು. ನಡುವಿನ ಸೀಟಿನಲ್ಲಿ ಅವನ ಹೆಂಡತಿ ಆಮೀನಾ ಕಾಲು ಮೇಲೆತ್ತಿಕೊಂಡು, ಪಕ್ಕದ ಜಾಗಕ್ಕೆ ತನ್ನ ಪರ್ಸು ಕೂಡಿಸಿದ್ದಳು. ಹರಕೆ ಹೊತ್ತವಳಿಗೂ ಅವಳ ಗಂಡನಿಗೂ ಹಿಂದಿನ ಸೀಟು.

"ಚಮನ್, ಆ ಮಸಾಲಿ ಚೀಲ ಒಳಗ್ಯಾಕ? ಕಾರಿಗೆಲ್ಲ ವಾಸನಿ ಹತ್ತದಿಲ್ಲೇನು?" ಎಂದಳು ಆಮೀನಾ, ಮೂಗಿಗೆ ಸೆರಗು ಹಿಡಿದು.

"ನಿಮ್ಮ ಅತ್ತರಿನ ಮುಂದ ನನ್ನ ಮಸಾಲಿ ಬಾಯಿ ಬಿಡತದೇನ್ರಿ ವೈನಿ? ಪಾಪ, ಅದು ಆಗಲೇ ಅಂಜಿ ಕುಂತದ."

ಡ್ರೈವರ ಮುಂದೆ ಕನ್ನಡಿಯಲ್ಲಿ ನಕ್ಕ. ಕೊಂಕಲ್ ಕಡೆಯ ತೆಳ್ಳನೆಯ ಆಳು, ಹೆಸರು ಸಾಬಣ್ಣ. ಹುಣಸಗಿ ದಾರಿ ಹಿಡಿದ ಮೇಲೆ ಎರಡೂ ಬದಿಗೆ ಕಾಲುವೆ ನೀರಿನ ಹಸಿರು ಗದ್ದೆಗಳು ಹಬ್ಬಿಕೊಂಡವು, ಬೆಳ್ಳಕ್ಕಿಗಳು ಎದ್ದವು. ದೇವರು ಬರೆದು ಇಟ್ಟ ಹಾಗಿದ್ದ ಆ ಬೆಳಗನ್ನು ನೋಡುವುದು ಬಿಟ್ಟು ಆಮೀನಾ ಡ್ರೈವರನನ್ನು ವಿಚಾರಿಸತೊಡಗಿದಳು.

"ಸಾಬಣ್ಣ ಅಂತೀದಿ, ನಮ್ಮವನಾ ನೀನು?"

"ಅಲ್ರಿ ಅಮ್ಮಾರ. ನಮ್ಮವ್ವ ಒಂದು ದರ್ಗಾಕ್ಕ ಬೇಡ್ಕೊಂಡಿದ್ಲಂತರಿ. ಗಂಡು ಹುಟ್ಟೀತು, ಸಾಬರ ಹೆಸರೇ ಇಟ್ಟಾಳ್ರಿ."

"ಹಂಗಾದ್ರ ಜಾತಿ ಯಾವ್ದು?"

"ಗಾಡಿ ಹೊಡಿಯೋ ಜಾತಿ ರೀ," ಎಂದ ಸಾಬಣ್ಣ. ಖಾಜಾಹುಸೇನ ಹಿಂದಿನಿಂದ ಗೊಳ್ಳೆಂದು ನಕ್ಕು, ನಕ್ಕದ್ದಕ್ಕೆ ಕೆಮ್ಮು ಬಂದು, ಚಮನಬೀ ಅವನ ಬೆನ್ನು ಸವರಬೇಕಾಯಿತು.

ಮನ್ಸೂರಅಲಿಗೆ ಇದಾವುದೂ ಕೇಳಿಸಲಿಲ್ಲ. ಅವನು ಯಾರೋ ದೊಡ್ಡ ಮನುಷ್ಯನೊಡನೆ ಫೋನಿನಲ್ಲಿ ಮೆತ್ತಗಾಗಿ ಹೋಗಿದ್ದ. "ಹೌದ್ರಿ ಸಾಹೇಬ್ರ... ಸಂಜಿಗಿ ಖುದ್ದ ನಾನೇ ಬರ್ತೀನ್ರಿ... ನೀವು ಅಡಿಗಿ ಮಾಡಸಬ್ಯಾಡ್ರಿ ಸಾಹೇಬ್ರ." ಫೋನು ಇಟ್ಟ ಕೂಡಲೇ ದನಿ ಮತ್ತೆ ದಪ್ಪಗಾಯಿತು. "ಏ, ಏಸಿ ಹೆಚ್ಚು ಮಾಡಲೇ." ಗಾದಿಗೆ ತುಂಬುವ ಹತ್ತಿ ಕೂಡ ಇಷ್ಟು ಬೇಗ ಮೆತ್ತಗಾಗುವುದಿಲ್ಲ, ಇಷ್ಟು ಬೇಗ ಗಟ್ಟಿಯಾಗುವುದಿಲ್ಲ ಎಂದುಕೊಂಡಳು ಚಮನಬೀ.

ಸೇತುವೆ ದಾಟಿದರೆ ಗಡ್ಡಿ. ಹಿಂದೆ ಹರಿಗೋಲಿನಲ್ಲಿ ಬರಬೇಕಿತ್ತು. ಬಂದವರು ದಂಡೆಯಲ್ಲಿ ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೋಟೆಯ ಬಾಗಿಲಿಗೆ ಹತ್ತುತ್ತಿದ್ದರು. ಈಗ ಕಾರು ಬಾಗಿಲ ತನಕ ಹೋಗಿ ನಿಲ್ಲುತ್ತದೆ. ಒಂದು ಕಾಲಕ್ಕೆ ಪೇಟೆ, ಕುದುರೆಗಳ ಪಾಗಾ, ನಾಣ್ಯದ ಟಂಕಸಾಲೆ ಎಲ್ಲ ಇದ್ದ ಊರಂತೆ. ಇವತ್ತು ಬುರುಜಿನ ಮೇಲೆ ಆಡು ಮೇಯುತ್ತವೆ. ಕಲ್ಲುಕಟ್ಟಿನ ಹಳೆಯ ಮನೆಗಳ ನಡುವೆ ಕೆಲವೇ ಒಲೆ ಹೊಗೆಯಾಡುತ್ತವೆ.

ಮನ್ಸೂರಅಲಿ ಇಳಿದವನೇ ಸೊಂಟದ ಮೇಲೆ ಕೈಯಿಟ್ಟು ಕೋಟೆಯನ್ನು ದಿಟ್ಟಿಸಿದ, ಮಾರಾಟಕ್ಕಿದೆಯೇನೋ ಎಂಬಂತೆ. ಆಮೀನಾ ಫೋನು ಎತ್ತಿ ಹಿಡಿದಳು. ಅವನು ಫೋನಿಗೆ ಹೇಳತೊಡಗಿದ: "ದೋಸ್ತೋ, ಯೇ ಹಮಾರೆ ಬುಜುರ್ಗೋಂಕಾ ಕಿಲ್ಲಾ ಹೈ. ನಮ್ಮ ಮುತ್ತಜ್ಜ ಈ ಕೋಟಿಗೆ ಕಿಲ್ಲೇದಾರ ಇದ್ದ..."

ಚಮನಬೀ ನಿಂತು ಪೂರ್ತಿ ಕೇಳಿದಳು.

"ಯಣ್ಣಾ, ಯಾವ ಮುತ್ತಜ್ಜ? ಗಾದಿ ತುಂಬಾಕ ಬಂದಿದ್ನಲ್ಲ, ಆತನಾ? ಇಲ್ಲೀ ಗೌಡ್ರ ಮನ್ಯಾಗ ಗಾದಿ ತುಂಬಿ, ಕೂಲಿಗಂತ ಜೋಳ ಹೊತ್ಕೊಂಡು ಹರಿಗೋಲಿನ್ಯಾಗ ಹೋಗಿದ್ದಂತ. ಅವ್ವ ಹೇಳತಿದ್ಲು."

"ಬಂದ್ ಮಾಡೇ ಅದನ್ನ," ಎಂದು ಮನ್ಸೂರಅಲಿ ಹೆಂಡತಿಗೆ ಅರಚಿದ.

"ಕಿಲ್ಲೇದಾರನೂ ಮಲಗೋದು ಗಾದಿ ಮ್ಯಾಲೇ ಅಲ್ಲೇನು ಭಾವಾ," ಎಂದ ಖಾಜಾಹುಸೇನ ಸಮಾಧಾನದ ದನಿಯಲ್ಲಿ. "ನಮ್ಮವನಿಲ್ಲದ ಅಂವ ಹ್ಯಾಂಗ ನಿದ್ದಿ ಮಾಡ್ತಿದ್ದ?"

ಅಡಿಗೆಗೆ ಇಳಿದ ಮೇಲೆ ಚಮನಬೀಗೆ ಅಣ್ಣನೂ ವೈನಿಯೂ ಮರೆತೇಹೋದರು. ದರ್ಗಾ ನೋಡಿಕೊಳ್ಳುವ ಮುಜಾವರ ಮರಿ ತಂದು ಇಟ್ಟಿದ್ದ. ಗಡ್ಡಿಯ ಇಬ್ಬರು ಹೆಂಗಸರು ದರ್ಗಾದ ದೊಡ್ಡ ಅಡಿಗೆ ಪಾತ್ರೆ ಡೇಗನ್ನು ತೊಳೆದು ಕೊಟ್ಟರು. ಈ ಅಡಿಗೆಯ ಉಪ್ಪು ನೋಡುವಂತಿಲ್ಲ. ಅಜ್ಜನಿಗೆ ಮುಟ್ಟುವ ಮೊದಲು ನಾಲಿಗೆಗೆ ಮುಟ್ಟಿಸಬಾರದು. ಚಮನಬೀ ಪ್ರತಿ ಹಿಡಿ ಉಪ್ಪಿಗೂ ಒಂದು ಬಿಸ್ಮಿಲ್ಲಾ ಹೇಳಿ ಹಾಕಿದಳು. ಖಾಜಾಹುಸೇನ ಬೇವಿನ ಕಟ್ಟೆಗೆ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಹೊಗೆ ಅವನ ಕಡೆ ತಿರುಗಿದಾಗಲೆಲ್ಲ ಅವಳು ಎದ್ದು ಒಲೆಯ ಕಟ್ಟಿಗೆ ಹಿಂದೆ ಸರಿಸುತ್ತಿದ್ದಳು. ಆಮೀನಾ ದೂರದಲ್ಲಿ ಚಾಪೆಯ ಮೇಲೆ ಕೂತು ಕೊಂಡು ತಂದ ಬಾಟಲಿಯ ನೀರು ಕುಡಿಯುತ್ತ, "ಶಹಾಪುರದ ಹೋಟೆಲ್ಲಿಂದ ಬಿರ್ಯಾನಿ ತರಸಿದ್ರ ಇಷ್ಟೊತ್ತಿಗೆ ಮುಗದೇ ಹೋಗ್ತಿತ್ತು," ಎಂದಳು.

"ಹೌದ್ರಿ ವೈನಿ. ಅಜ್ಜಗೂ ಫೋನಿನ್ಯಾಗ ತೋರಿಸಿದ್ರ ಇನ್ನೂ ಲಗೂ ಆಗ್ತಿತ್ತು."

ಫಾತೇಹ ಮುಗಿಯಿತು. ಊದಿನ ಹೊಗೆ ಗದ್ದುಗೆಯ ಹಸಿರು ಚಾದರದ ಮೇಲೆ ತೇಲಿ ಹೋಯಿತು. ಚಮನಬೀ ಹಣೆ ನೆಲಕ್ಕೆ ಮುಟ್ಟಿಸಿ ಎದ್ದು, ಕರೆಯಲು ಹೊರಟಳು. ಮನೆ ಮನೆಯ ಹೊಸ್ತಿಲಿಗೆ ನಿಂತು, "ಅಜ್ಜನ ಊಟಕ್ಕ ಬರ್ರಿ," ಎಂದಳು. ಬುರುಜಿನ ಮೇಲಿನ ಆಡು ಕಾಯುವವಳನ್ನು ಕೆಳಗಿನಿಂದ ಕೂಗಿದಳು. ಬಲೆ ಒಣಗಿಸುತ್ತಿದ್ದ ಅಂಬಿಗರನ್ನು ಕರೆದಳು. ಜಗಳವಾಡಿಕೊಂಡು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಎರಡೂ ಬಾಗಿಲಿಗೆ ಬೇರೆ ಬೇರೆ ಹೋಗಿ ಕರೆದಳು. ಮರಳುವಾಗ ಕೋಟೆಯ ಬಾಗಿಲ ಹೊರಗೆ ಹುಣಸೆಯ ಕೆಳಗೆ ಕಾರು ಕಂಡಿತು. ಸೀಟು ಹಿಂದಕ್ಕೆ ಚಾಚಿ ಸಾಬಣ್ಣ ಮಲಗಿದ್ದ. ಬರಿಗಾಲು ಎರಡೂ ಕಿಡಕಿಯ ಹೊರಗೆ. ಏಸಿ ಕಾರಿನವರ ಡ್ರೈವರ ಅಲ್ಲವೇ, ಮಾಲಕರಂತೆಯೇ ಆಳು, ಎಂದು ಮನಸ್ಸಿನಲ್ಲೇ ಚಿವುಟಿ ಅವಳು ಮುಂದೆ ನಡೆದಳು.

ಪಂಕ್ತಿ ಕೂತಿತು. ಮನ್ಸೂರಅಲಿ ಸಾರಿನ ಹುಟ್ಟು ಎತ್ತಿ ಒಬ್ಬ ಮುದುಕನ ತಟ್ಟೆಗೆ ಬಡಿಸಿ, ಫೋಟೋ ಆಗುವ ತನಕ ಹುಟ್ಟನ್ನು ಹಾಗೆಯೇ ಬಗ್ಗಿಸಿ ಹಿಡಿದ. ಮುದುಕ ಪಾಪ, ಉಣ್ಣಲೋ ಬಿಡಲೋ ತಿಳಿಯದೆ ಕ್ಯಾಮೆರಾದ ಕಡೆ ನೋಡುತ್ತಿದ್ದ. ಫೋಟೋ ಆದದ್ದೇ ಹುಟ್ಟು ಚಮನಬೀಯ ಕೈಗೆ ಬಂತು. ಆಮೀನಾ ಮಾತ್ರ ಅವತ್ತು ಮೊದಲ ಸಲ ಎದ್ದು, "ನಾ ಡೇಗಿನ ಕಡೆ ನೋಡ್ಕೋತೀನಿ," ಎಂದಳು. ವೈನಿಗೂ ಅಜ್ಜ ಬುದ್ಧಿ ಕೊಟ್ಟ ಎಂದುಕೊಂಡು ಚಮನಬೀ ಬಡಿಸಿದಳು. ಎಲ್ಲರೂ ಉಂಡರು, ಹರಸಿದರು. ಎಲುಬನ್ನೆಲ್ಲ ಗುಂಡಿಯಲ್ಲಿ ಹೂತು, ಡೇಗು ತೊಳೆದು ಬೋರಲು ಹಾಕಿದಾಗ ಅವಳ ಎದೆಯೊಳಗೆ ಏನೋ ಸಡಿಲವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಕಾರು ಹತ್ತಿದರು.

ಕಾರು ಸೇತುವೆಯ ಕಡೆ ತಿರುಗಿತ್ತಷ್ಟೆ. ಖಾಜಾಹುಸೇನ ಮಿಸುಕಾಡಿದ.

"ಚಮನ, ನನ್ನ ಬೆನ್ನಿಗೆ ಏನೋ ಬೆಚ್ಚಗ ಹತ್ತಾಕತ್ತದ. ಛಲೋ ಅನಸ್ತದ, ಖರೇ. ಆದ್ರ ಏನದು?"

ಅವಳು ಸೀಟಿನ ಹಿಂದೆ ಕೈ ಹಾಕಿದಳು. ಟರ್ಕಿ ಟವೆಲ್ಲಿನಲ್ಲಿ ಸುತ್ತಿದ, ದೊಡ್ಡ ಸ್ಟೀಲ್ ಡಬ್ಬಿ. ಮುಚ್ಚಳ ಸಡಿಲಿಸಿದಳು. ಅವಳದೇ ಮಸಾಲೆಯ ಘಮ ಕಾರು ತುಂಬಿತು.

"ತಮ್ಮಾ, ಗಾಡಿ ನಿಂದ್ರಸು!"

ಸಾಬಣ್ಣ ಬ್ರೇಕು ಹಾಕಿದ. ಮುಂದೆ ಹತ್ತು ಹೆಜ್ಜೆಗೆ ಸೇತುವೆಯ ಕಟಾಂಜನ, ಕೆಳಗೆ ಕೆಂಪಾದ ಹೊಳೆ.

"ಇದು ಯಾರು ಇಟ್ಟಾರ?"

ಆಮೀನಾ ತನ್ನ ಉಗುರು ನೋಡಿಕೊಂಡಳು. ಮನ್ಸೂರಅಲಿ ಕನ್ನಡಕ ತೆಗೆದ. "ಸಾಹೇಬ್ರಿಗೆ ಒಂದಿಷ್ಟು ಒಯ್ಯಾಕತ್ತೀವಿ. ಅದರಾಗೇನದ? ತಬರ್ರುಕ್, ಪ್ರಸಾದ ಅಂತ ತಿಳ್ಕೋ. ಅವ್ರೂ ತಿಂದ್ರ ಪುಣ್ಯಾನೇ ಅಲ್ಲೇನು?"

"ಪುಣ್ಯಾ ಬೇಕಂದ್ರ ನಿನ್ನ ಸಾಹೇಬನ್ನ ಇಲ್ಲಿಗಿ ಕರಿ. ನೆಲದ ಮ್ಯಾಲೆ ಕುಂದರಸಿ ನಾನೇ ಬಡಸ್ತೀನಿ. ಇದು ಹೊಳಿ ದಾಟಂಗಿಲ್ಲ ಅಂತ ನಿನಗ ಗೊತ್ತಿಲ್ಲೇನು?"

"ಹೊಳಿ ಎಲ್ಲಿ ದಾಟ್ತೀವೇ? ಹೊಳಿ ಕೆಳಗ ಹರೀತದ, ನಾವು ರೋಡಿನ ಮ್ಯಾಲೆ ಹೋಗ್ತೀವಿ. ಸೇತುವಿ ಆದಮ್ಯಾಲೆ ಆ ಕಾನೂನೆಲ್ಲ ಖತಮ್."

"ವ್ಹಾ! ಅಜ್ಜಗ ಯಾರೂ ಹೇಳೇ ಇಲ್ಲ ನೋಡು, ಪಾಪ. ಹೋಗಿ ಗದ್ದಿಗಿ ಮುಂದ ನಿಂತು ಹೇಳಿ ಬಾ, ಕಿಲ್ಲೇದಾರನ ಮೊಮ್ಮಗ ಕಾನೂನು ತಗದಾನಂತ."

"ಸುಮ್ನ ಕುಂದ್ರೇ! ಕಾರು ಯಾರದು? ಯಾರಿಂದ ಬಂದೀದಿ ನೀನು?"

ಖಾಜಾಹುಸೇನ, "ಇರ್ಲಿ ಭಾವಾ..." ಎಂದು ಬಾಯಿ ತೆರೆದ, ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಮುಂದಿನ ಸೀಟಿಗೆ ಹಣೆಯೂರಿ, ಎರಡೂ ಕೈಯಿಂದ ಎದೆ ಹಿಡಿದು ಕೆಮ್ಮಿದ. ಡಬ್ಬಿಯನ್ನು ಎದೆಗವಚಿಕೊಂಡು ಚಮನಬೀ ಕಾರಿನಿಂದ ಇಳಿದುಬಿಟ್ಟಳು.

"ಇದನ್ನ ಇಲ್ಲೇ ಹೊಳಿಗಿ ಚೆಲ್ತೀನಿ. ಆಮ್ಯಾಲೆ ಕಾರು ಮುಂದ ಹೋಗ್ಲಿ."

"ಬ್ಯಾಡ ಚಮನ," ಎಂದ ಗಂಡ, ಉಸಿರು ಎಳೆದುಕೊಳ್ಳುತ್ತ. "ಅನ್ನ ಚೆಲ್ಲಬಾರದು. ಅದು ಅಜ್ಜಗ ಇನ್ನೂ ಸಿಟ್ಟು ತರಸ್ತದ. ಯಾರಿಗರ ಉಣಸು."

"ಯಾರು ಉಣ್ತಾರ?" ಎಂದಳು ಆಮೀನಾ, ಬಾಗಿಲು ತೆರೆದು. "ಗಡ್ಡಿ ಮಂದಿಯೆಲ್ಲ ಹೊಟ್ಟಿ ಒಡಿಯೋ ಹಂಗ ತಿಂದು ಮಲಗ್ಯಾರ. ತಾಟು ತಗೊಂಡು ಮತ್ತ ಬರ್ತಾರೇನು?"

ಅದು ನಿಜವೇ ಆಗಿತ್ತು. ಚಮನಬೀಗೆ ಆ ಸತ್ಯ ವೈನಿಯ ಬಾಯಿಂದ ಬಂದದ್ದೇ ಉರಿಯಿತು. ಅವಳು ಸೆಟೆದು ನಿಂತಳು. "ಹೌದ್ರಿ, ಎಲ್ಲಾರೂ ಉಂಡಾರ. ನಾನೇ ಮನಿ ಮನಿ ತಿರಗೀನಿ. ಫೋಟೋಕ್ಕ ಬಡಿಸಿದಾಕಿ ಅಲ್ಲ ನಾ. ಈ ಗಡ್ಡಿ ಮ್ಯಾಲೆ ಉಣ್ಣದ ಜೀವ ಒಂದೂ ಉಳದಿಲ್ಲ."

ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡಿದ್ದ ಸಾಬಣ್ಣ ಗಂಟಲು ಸರಿ ಮಾಡಿಕೊಂಡ.

"ನಾ ಒಬ್ಬ ಉಳದೀನ್ರಿ, ಅಮ್ಮಾರ."

ಚಮನಬೀ ತಿರುಗಿ ನೋಡಿದಳು.

"ನೀ... ನಿದ್ದಿ ಮಾಡಿದ್ದೆಲ್ಲೋ?"

"ಆ ವಾಸನಿಗೆ ನಿದ್ದಿ ಎಲ್ಲಿ ಬರ್ತದ್ರಿ. ಯಾರರ ಕರೀಲಿಕ್ಕ ಬರ್ತಾರ, ಲಗೂ ಎದ್ದು ಹೋಗಬೇಕಂತ ಬೂಟು ಬಿಚ್ಚಿ ಇಟ್ಟಿದ್ದೆ. ನೀವು ಬಂದಿದ್ದೂ ನೋಡೀನ್ರಿ. ಹಂಗೇ ಹೋದ್ರಿ."

"ಏ, ನಿನಗ ಊಟಕ್ಕಂತ ಬತ್ತಾ ಕೊಟ್ಟೀನಲ್ಲಲೇ?" ಎಂದ ಮನ್ಸೂರಅಲಿ.

"ಕೊಟ್ಟೀರಿ ಸಾವ್ಕಾರ್ರ. ಕಿಸೆದಾಗೇ ಅದರಿ. ಇಲ್ಲಿ ಹೋಟೆಲ್ ಎಲ್ಲಿ ಅದರಿ, ನೋಟು ಕಡಕೊಂಡು ತಿನ್ಲೇನ್ರಿ?"

ಬೇರೆ ಹೊತ್ತಾಗಿದ್ದರೆ ಚಮನಬೀ ನಗುತ್ತಿದ್ದಳು. ಬೆಳಗಿನಿಂದ ಅವಳ ಕಣ್ಣು ಎಷ್ಟೊಂದು ಕೆಲಸ ಮಾಡಿತ್ತು! ಅಣ್ಣನ ಕನ್ನಡಕ, ವೈನಿಯ ಪರ್ಸು, ಬಗ್ಗಿಸಿ ಹಿಡಿದ ಹುಟ್ಟು, ಯಾವುದೂ ತಪ್ಪಿರಲಿಲ್ಲ. ಹಸಿದವನ ಬರಿಗಾಲನ್ನೂ ಕಂಡು, ಅದಕ್ಕೂ ಒಂದು ಕೊಂಕು ಹುಡುಕಿ ಮುಂದೆ ಹೋಗಿದ್ದಳು. ಅಜ್ಜನ ನೆಲದ ಮೇಲೆ ಒಂದು ಹೊಟ್ಟೆಯನ್ನು ಬರಿದು ಬಿಟ್ಟು, ಡೇಗು ಬೋರಲು ಹಾಕಿ, ಹರಕೆ ಮುಟ್ಟಿತೆಂದು ಹಗುರಾಗಿದ್ದಳು. ಈ ಡಬ್ಬಿ ಸಿಗದಿದ್ದರೆ ಕಾರು ಈಗ ಹೊಳೆಯ ಆಚೆ ಇರುತ್ತಿತ್ತು. ಡಬ್ಬಿಯನ್ನು ಕದ್ದವಳು ಆಮೀನಾ. ಈ ಹೆಂಗಸಿಗೆ ತಾನು ಋಣಿಯಾಗಬೇಕೇ ಎಂದು ನೆನೆಸಿದರೆ ಅವಳಿಗೆ ಉಪ್ಪು ಹೆಚ್ಚಾದ ಸಾರು ಕುಡಿದಂತಾಯಿತು.

ಅವಳು ಮುಂದಿನ ಬಾಗಿಲಿಗೆ ಬಂದು, ಹೊಸ್ತಿಲಿಗೆ ನಿಂತಂತೆ ನಿಂತಳು. ಸೆರಗು ತಲೆಗೆ ಎಳೆದುಕೊಂಡಳು.

"ತಪ್ಪಾಗ್ಯಾದ ತಮ್ಮಾ. ಅಜ್ಜನ ಊಟಕ್ಕ ಬಾ."

ಸಾಬಣ್ಣ ಇಳಿದು, ಬಾಟಲಿಯ ನೀರಿನಿಂದ ಕೈ ತೊಳೆದು, ದಾರಿಯ ಬದಿಯ ಹಾಸುಗಲ್ಲಿನ ಮೇಲೆ ಕೂತ. ಡಬ್ಬಿಯ ಮುಚ್ಚಳವೇ ತಟ್ಟೆಯಾಯಿತು. ಡಬ್ಬಿಯಲ್ಲಿ ಮೇಲೆ ಅನ್ನ, ಕೆಳಗೆ ಆಯ್ದ ತುಣುಕುಗಳು. ಪಂಕ್ತಿಯವರ ಕಣ್ಣಿಗೇ ಬಿದ್ದಿರದ ತುಣುಕುಗಳು.

"ಕಲೀಜಾ ಹುಡುಕಿ ಹುಡುಕಿ ಇಟ್ಟಿದ್ದೆ ಸಾಹೇಬ್ರಿಗಂತ," ಎಂದು ಆಮೀನಾ ಗಂಡನ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು.

"ಬಾಳ ಮೆತ್ತಗ ಆಗ್ಯಾದ್ರಿ ಅಮ್ಮಾರ," ಎಂದ ಸಾಬಣ್ಣ, ಬಾಯಿ ತುಂಬಿಕೊಂಡು.

ಒಬ್ಬನಿಂದ ಮುಗಿಯುವ ಡಬ್ಬಿಯಲ್ಲ ಅದು. ಖಾಜಾಹುಸೇನ ನಿಧಾನಕ್ಕೆ ಇಳಿದು ಬಂದು ಅವನ ಮಗ್ಗುಲಿಗೆ ಕೂತ. "ನನಗೂ ಒಂದು ತುತ್ತು ಹಾಕಪಾ ಸಾಬಣ್ಣ. ನಿನ್ನ ನೋಡಿ ಮತ್ತ ಹಸಿವಿ ಆಗ್ಯಾದ." ಅವನ ಉಸಿರು ಹದಕ್ಕೆ ಬಂದಿತ್ತು. ಎಲ್ಲರಿಗೂ ಬಡಿಸುವ ಗದ್ದಲದಲ್ಲಿ ಚಮನಬೀ ತಾನೂ ಎರಡೇ ತುತ್ತು ಉಂಡವಳು, ಅವಳೂ ಕೂತಳು. ಮೂವರೂ ಡಬ್ಬಿಯ ತಳ ಕಾಣುವ ತನಕ ಉಂಡರು. ಮನ್ಸೂರಅಲಿ ಸೇತುವೆಯ ಕಟಾಂಜನಕ್ಕೆ ಒರಗಿ, ಹೊಳೆಗೆ ಬೆನ್ನು ಹಾಕಿ, ಫೋನಿನಲ್ಲಿ ಮತ್ತೆ ಮೆತ್ತಗಾಗಿದ್ದ: "ಇಲ್ರಿ ಸಾಹೇಬ್ರ... ಇವತ್ತ ಮಟನ್ ಅಷ್ಟು ಸರಿ ಬರಲಿಲ್ರಿ... ನಿಮಗ ಒಗ್ಗೋದಿಲ್ರಿ..." ಚಮನಬೀ ಡಬ್ಬಿಯನ್ನು ದಂಡೆಗೆ ಒಯ್ದು, ಮರಳು ಹಾಕಿ ತಿಕ್ಕಿ, ನೀರಲ್ಲಿ ಅದ್ದಿ ತೊಳೆದಳು. ಒಂದು ಅಗುಳೂ ಉಳಿಯದಂತೆ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆಯೇ ಕಾರು ಸೇತುವೆ ಹತ್ತಿತು.

ಆ ಚಳಿಗಾಲಕ್ಕೆ ಖಾಜಾಹುಸೇನ ದವಾಖಾನೆಯ ಮುಖ ನೋಡಲಿಲ್ಲ.

ಸಂಬಂಧಿಕರೊಬ್ಬರ ಮದುವೆಗೆಂದು ಚಮನಬೀ ಶಹಾಪುರಕ್ಕೆ ಹೋದಾಗ ಹೆಂಗಸರ ನಡುವೆ ಆಮೀನಾ ಗೋಡೆಗೆ ಒರಗಿ ಕೂತು ಹೇಳುತ್ತಿದ್ದಳು: "ಕಂದೂರಿ ಅಂದ್ರ ಸುಮ್ನ ಅಲ್ರಿ. ಎಲ್ಲಾ ಕಡೆ ಕಣ್ಣಿರಬೇಕು. ನಮ್ಮ ಚಮನ್ ಆ ಡ್ರೈವರನ್ನ ಮರತೇ ಬಿಟ್ಟಿದ್ಲು! ನಾ ಮೊದ್ಲೇ ಒಂದು ಡಬ್ಬಿ ತಗದು ಇಟ್ಟಿದ್ದೆ ನೋಡ್ರಿ, ಇಲ್ಲಂದ್ರ ಆ ಬಡವ ಉಪಾಸ ಹೋಗ್ತಿದ್ದ. ಕೇಳ್ರಿ ಬೇಕಾದ್ರ ಆಕಿನ್ನೇ."

ಹೆಂಗಸರೆಲ್ಲ ಚಮನಬೀಯ ಕಡೆ ತಿರುಗಿದರು. ಅವಳ ನಾಲಿಗೆ ಎಂಥದ್ದೆಂದು ಗೊತ್ತಿದ್ದವರು ಆಸೆಯಿಂದ ಮುಂದಕ್ಕೆ ಸರಿದು ಕೂತರು. ಚಮನಬೀ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಖರೇ ಅದರಿ ವೈನಿ ಮಾತು," ಎಂದಳು. "ಆ ಡಬ್ಬಿ ಇಲ್ಲಂದ್ರ ನನ್ನ ಹರಕಿ ಮುಟ್ತಿದ್ದಿಲ್ಲ. ಅಜ್ಜ ತನ್ನ ಕೆಲಸ ಯಾರ ಕಡಿಂದರ ಮಾಡಸ್ಕೋತಾನ್ರಿ. ಅವತ್ತ ಅವಸರ ಇತ್ತು, ಪಾಪ. ಸಿಕ್ಕವರನ್ನೇ ಹಿಡದ."

ಆಮೀನಾ ಹೌದೆಂಬಂತೆ ತಲೆದೂಗಿ, ಸೆರಗು ಸರಿ ಮಾಡಿಕೊಂಡು, ಮುಂದಿನ ಸಾಲಿನವರಿಗೂ ಕೇಳಲೆಂದು ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು.